ಒಬ್ಬ ದಾನಿ ಸಿಕ್ಕರೆ ಸಾಕಲ್ವಾ?

ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಸಾಗರದ ಬಸ್ಸಿನಲ್ಲಿ ನಿಂತರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. "ಅಲ್ಲ ಮೇಡಂ, ಕೂಲಿಯವರ ಕೇರಿ ಕೆಲಸಕ್ಕೆ ಪಂಚಾಯ್ತಿ, ಬ್ಯಾಂಕು, ಅರಣ್ಯದವರು, ಕಂಪನಿಯವರು ಅಂತ ಎಲ್ಲರನ್ನೂ ಒಟ್ಟಿಗೆ ಕೂರಿಸೋಕೆ ಒದ್ದಾಡ್ತೀರಲ್ಲ, ದುಡ್ಡಿರೋ ಒಬ್ಬ ದಾನಿ ಸಿಕ್ಕರೆ ಸಾಕಲ್ವಾ?"

ಒಮ್ಮೆ ಸಿಕ್ಕಿದ್ದರು. ಹೊಸನಗರದ ಕಡೆಯ ಒಂದು ಕೇರಿಗೆ ಒಂದು ಕಂಪನಿ ಎಂಟು ಹೊಲಿಗೆ ಮಿಷನ್ ಕೊಟ್ಟಿತು. ಫೋಟೊ ಆಯ್ತು, ಕೇಸರಿಬಾತ್ ಆಯ್ತು. ಮಳೆಗಾಲ ಕಳೆದು ಹೋಗಿ ನೋಡಿದರೆ ಒಂದರ ಮೇಲೆ ಕಂಬಳಿ ಒಣಗುತ್ತಿತ್ತು. ಇನ್ನೊಂದರ ಕೆಳಗೆ ಕೋಳಿ ಕಾವಿಗೆ ಕೂತಿತ್ತು. ಹೆಂಗಸರದ್ದೇನೂ ತಪ್ಪಿಲ್ಲ. ಅವು ಮೋಟಾರಿನ ಮಿಷನ್. ಕೇರಿಗೆ ಕರೆಂಟ್ ಇರಲಿಲ್ಲ. ಮನೆ ಇರುವ ಜಾಗ ದಾಖಲೆಯಲ್ಲಿ ಅರಣ್ಯ, ಹಾಗಾಗಿ ಮೀಟರ್ ಸಿಕ್ಕಿರಲಿಲ್ಲ. ಬಟ್ಟೆ ತರಲು ಸಾಲ ಕೇಳಿದರೆ ಬ್ಯಾಂಕಿನವರೂ ಅದೇ ಜಾಗದ ಕಾಗದ ಕೇಳಿದರು. ಆ ಕೆಲಸದಲ್ಲಿ ನಾನೂ ಇದ್ದೆ. ಕೇಸರಿಬಾತ್ ನಾನೂ ತಿಂದೆ.

ಜಾಗದ ಕಾಗದ ಅಂದರೆ ನಮ್ಮ ಕಡೆ ಸಣ್ಣ ವಿಷಯ ಅಲ್ಲ. ಶರಾವತಿ ಮುಳುಗಡೆಯವರನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು ಬಿಟ್ಟವರಲ್ಲಿ ಎಷ್ಟೋ ಜನರನ್ನು ಕಾಡಿನ ಜಾಗಕ್ಕೆ ಕಳಿಸಿದರು. ಅವರು ಅಲ್ಲಿ ಗದ್ದೆ ಮಾಡಿದರು, ಮನೆ ಕಟ್ಟಿದರು. ದಾಖಲೆ ಮಾತ್ರ ಅರಣ್ಯ ಅಂತಲೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬದಲಿಸಲು ಕೇಂದ್ರದ ಒಪ್ಪಿಗೆಯೂ ಬೇಕಾಯಿತು. ಆಮೇಲೆ ಕಾಡಿನಲ್ಲಿ ಬದುಕುತ್ತಿದ್ದವರಿಗೆ ಜಾಗದ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಲ್ಲಿ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗದ ಸಮಿತಿಗೆ, ಅಲ್ಲಿಂದ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಆಧಾರ ಕೊಡಬೇಕು. ಮುಳುಗಿದ ಊರಿನ ಆಧಾರ ಎಲ್ಲಿಂದ ತರೋದು? ಅದು ನೀರಿನಡಿ ಇದೆ. ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷಿ ಅಂತ ಪರಿಗಣಿಸಬಹುದು, ಆದರೆ ಆ ಹಿರಿಯರು ತಾಲ್ಲೂಕು ತಾಲ್ಲೂಕಿಗೆ ಚದುರಿ ಹೋಗಿದ್ದಾರೆ. ಬೈಕ್ ಹತ್ತಿ ಒಬ್ಬೊಬ್ಬರನ್ನೇ ಹುಡುಕಿ ಹೇಳಿಕೆ ಬರೆಸಿಕೊಳ್ಳೋದು ಸಂಘದ ಹುಡುಗರಿಂದ ಆಗುತ್ತದೆ, ಇಲಾಖೆಯಿಂದ ಆಗಲ್ಲ. ಹಕ್ಕುಪತ್ರಕ್ಕೆ ಸಹಿ ಹಾಕೋದು ಇಲಾಖೆಯಿಂದ ಆಗುತ್ತದೆ, ಸಂಘದಿಂದ ಆಗಲ್ಲ. ದಾನಿಯಿಂದ ಎರಡೂ ಆಗಲ್ಲ.

ಸೇರಿ ಮಾಡಿದರೆ ಆಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಬ್ಯಾಂಕಿನಲ್ಲಿ ದುಡ್ಡಿತ್ತು, ಕೂಲಿ ಹೆಂಗಸರ ಪರಿಚಯ ಇರಲಿಲ್ಲ. ಸೇವಾ ಸಂಸ್ಥೆಗಳಿಗೆ ಪರಿಚಯ ಇತ್ತು, ದುಡ್ಡಿರಲಿಲ್ಲ. ಅಡವಿಡಲು ಏನೂ ಇಲ್ಲದ ಹೆಂಗಸರು ಒಬ್ಬರಿಗೊಬ್ಬರು ಜಾಮೀನು ಅಂದರು. ಇವತ್ತು ಮಲೆನಾಡಿನಲ್ಲಿ ಸಂಘದ ಪಾಸ್‌ಬುಕ್ ಇಲ್ಲದ ಕೇರಿ ಹುಡುಕೋದು ಕಷ್ಟ. (ಸಾಲದ ಮೇಲೆ ಸಾಲ ಮಾಡಿಕೊಂಡವರೂ ಇದ್ದಾರೆ. ಅದು ಬೇರೆಯೇ ಕಥೆ.)

ಸಭೆಯಲ್ಲಿ ನಮ್ಮವರು ಯಾರಾದರೂ ಎದ್ದು "ಇದೆಲ್ಲ ನಮಗೆ ಹೊಸತಲ್ಲ, ಮುಯ್ಯಾಳು ಇತ್ತಲ್ಲ" ಅನ್ನುತ್ತಾರೆ. ಇತ್ತು. ನಾನು ನಿಮ್ಮ ಗದ್ದೆ ನೆಟ್ಟಿಗೆ ಬಂದರೆ ನೀವು ನಮ್ಮ ಗದ್ದೆಗೆ ಬರಬೇಕು. ಯಾರು ಎಷ್ಟು ದಿನ ಬಂದರು ಅಂತ ಬರೆದಿಡದಿದ್ದರೂ ಯಾರೂ ಮರೆಯುತ್ತಿರಲಿಲ್ಲ. ಆದರೆ ಗದ್ದೆಯೇ ಇಲ್ಲದವನಿಗೆ ಯಾರು ಮುಯ್ಯಿ ತೀರಿಸುತ್ತಾರೆ? ಅವನಿಗೆ ಸಿಗುತ್ತಿದ್ದದ್ದು ಕೂಲಿ ಮಾತ್ರ. ಇವತ್ತಿನ ಸಭೆಗಳಲ್ಲೂ ನನಗೆ ಅದೇ ಕಾಣುತ್ತದೆ. ಕೊಡಲು ಏನಾದರೂ ಇರುವವರು ಮೇಜಿನ ಸುತ್ತ ಕೂರುತ್ತಾರೆ. ಯಾರಿಗಾಗಿ ಸಭೆಯೋ ಅವರು ಹೊರಗೆ ಜಗಲಿಯಲ್ಲಿ.

ಕೆಲವೊಮ್ಮೆ ಜಗಲಿಯಲ್ಲೂ ಇರುವುದಿಲ್ಲ. ಕಂಪನಿಗೆ ಮಾರ್ಚ್ 31ರೊಳಗೆ ದುಡ್ಡು ಖರ್ಚು ಮಾಡುವ ಆತುರ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಇಲಾಖೆಯವರು ಸಭೆ ಕರೆಯೋದು ಬೆಳಿಗ್ಗೆ ಹನ್ನೊಂದಕ್ಕೆ. ನವೆಂಬರ್‌ನಲ್ಲಿ ನಮ್ಮ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಅಡಿಕೆ ಸುಲಿದಷ್ಟೇ ಕೂಲಿ. ಸಭೆಗೆ ಬಂದರೆ ಆ ದಿನದ ದುಡ್ಡು ಹೋಯಿತು.

ಹೋದ ವರ್ಷ ನಾವೇ ಹೊಸನಗರದ ಆ ಕೇರಿಯ ಹೆಂಗಸರು ಅಡಿಕೆ ಸುಲಿಯುವ ಚಪ್ಪರಕ್ಕೆ ಹೋದೆವು, ರಾತ್ರಿ ಎಂಟಕ್ಕೆ. ಬ್ಯಾಂಕ್ ಮ್ಯಾನೇಜರ್ ಸ್ವೆಟರ್ ಹಾಕಿಕೊಂಡು ಬಂದರು, ಪಿಡಿಒ ಬಂದರು, ಫಾರೆಸ್ಟ್ ಗಾರ್ಡ್ ಸ್ವಲ್ಪ ದೂರ ನಿಂತರು. ಹೊಲಿಗೆ ಮಿಷನ್ ವಿಷಯ ಬಂತು. ಕರೆಂಟ್, ಸೋಲಾರ್, ಬ್ಯಾಟರಿ ಅಂತ ನಾವು ಅರ್ಧ ಗಂಟೆ ಮಾತಾಡಿದೆವು. ಮೂಲೆಯಲ್ಲಿ ಸುಲಿಯುತ್ತಿದ್ದ ಒಬ್ಬಳು ತಲೆ ಎತ್ತದೆ ಹೇಳಿದಳು: "ಕಾಲಲ್ಲಿ ತುಳಿಯೋದು ಕೊಟ್ಟಿದ್ರೆ ಆಗ್ತಿತ್ತಲ್ಲ ಅಕ್ಕಾ."

ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದೆ. "ನೀವು ಕೇಳ್ಲೇ ಇಲ್ವಲ್ಲ."

ಕೇರಿಯವರ ಹಕ್ಕುಪತ್ರದ ಅರ್ಜಿ ಇನ್ನೂ ಉಪವಿಭಾಗದ ಸಮಿತಿಯಲ್ಲಿದೆ. ಐದು ಮಿಷನ್‌ಗೆ ಪೆಡಲ್ ಹಾಕಿಸಿದ್ದೇವೆ. ಬಾಕಿ ಮೂರರಲ್ಲಿ ಕೋಳಿ ಕೂತಿದ್ದೂ ಇದೆ.