ಕಲ್ಲು ನೋಡೋಕೆ ಹೋದ ಮೂರು ಊರು

ಈ ಸಲ ದೇವಸ್ಥಾನಕ್ಕಲ್ಲ, ಅದನ್ನು ಕಟ್ಟಿದ ಕಲ್ಲು ನೋಡೋಕೆ ಅಂತಲೇ ಹೊರಟೆವು. ಮೊದಲು ಬಾದಾಮಿ.

ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಎಲ್ಲರೂ ಅದನ್ನು ಹುಡುಕುತ್ತಿದ್ದರೆ ನಾನು ಕಲ್ಲಿನ ಪಟ್ಟೆ ನೋಡುತ್ತಾ ನಿಂತೆ. ಕೆಂಪು, ನಸುಬಿಳಿ, ಮತ್ತೆ ಕೆಂಪು. ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿಕೊಂಡು ಮರಳುಗಲ್ಲಾಗಿದೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಶಿಲ್ಪಿ ಮೂರ್ತಿ ಕೆತ್ತಿದರೂ ಪಟ್ಟೆ ಮಾತ್ರ ತನ್ನ ಪಾಡಿಗೆ ಅದರ ಎದೆ, ತೋಳು ದಾಟಿಕೊಂಡು ಹೋಗಿದೆ.

ಹಂಪಿಯ ಬಂಡೆಗಳನ್ನು ಯಾರೋ ತಂದು ಒಟ್ಟಿದ ಹಾಗೆ ಕಾಣುತ್ತೆ ಅಲ್ವಾ? ಅವು ಎಲ್ಲಿಂದಲೂ ಉರುಳಿ ಬಂದವಲ್ಲ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಆಮೇಲೆ ಬಿರುಕು ಬಿಟ್ಟಿತು. ಬಿರುಕಿಗಿಳಿದ ನೀರು ಮೂಲೆಗಳನ್ನು ಸವೆಸಿತು, ಸುತ್ತಲಿನ ಮಣ್ಣು ಕೊಚ್ಚಿಹೋಯಿತು, ಉಂಡೆಗಳು ಉಳಿದವು. ಇದೇ ಕಲ್ಲಿನ ಪಟ್ಟಿ ದಕ್ಷಿಣಕ್ಕೆ ರಾಮನಗರದವರೆಗೂ ಇದೆ. ಆ ಊರಿನ ಹಳೇ ಹೆಸರಿನಿಂದಲೇ ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ.

ಹೇಮಕೂಟದ ಹತ್ತಿರ ಒಂದು ಬಂಡೆಯ ಅಂಚಿನಲ್ಲಿ ಸಾಲಾಗಿ ಗುಳಿಗಳು, ಹರಿದ ಅಂಚೆಚೀಟಿಯ ಹಾಗೆ. ಒಂದರಲ್ಲಿ ಬೆರಳಿಟ್ಟೆ, ಎರಡು ಗೆಣ್ಣು ಒಳಗೆ ಹೋಯಿತು. ಇಂಥ ಗುಳಿಗೆ ಒಣ ಮರದ ಬೆಣೆ ಹೊಡೆದು ನೀರು ಹುಯ್ಯುತ್ತಿದ್ದರಂತೆ. ಮರ ಉಬ್ಬಿದರೆ ಬಂಡೆ ಸೀಳುತ್ತೆ. ಸೀಳೋದೇನೋ ಸರಿ, ಆದರೆ ಇದರಲ್ಲಿ ಸಣ್ಣ ಕುಸುರಿ ತೆಗೆಯೋದು ಉಳಿಗೂ ಕಷ್ಟ, ಕೈಗೂ ಕಷ್ಟ. ಹಜಾರ ರಾಮ ಗುಡಿಯ ಒಳಗೆ ನಾಲ್ಕು ಕಂಬ ಮಾತ್ರ ಕಪ್ಪಗೆ ಮಿಂಚುತ್ತವೆ. ಅವಕ್ಕೆ ಬೇರೆ ಕಲ್ಲು ತಂದಿದ್ದಾರೆ.

ಕೊನೆಗೆ ಹಳೇಬೀಡು. ಗೋಡೆ ಮೇಲಿನ ಆನೆಗಳನ್ನಂತೂ ಎಲ್ಲರೂ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಹೊಗಳಿಕೆ ಬಳಪದ ಕಲ್ಲಿಗೆ ಸಲ್ಲಬೇಕು. ಮೆಗ್ನೀಸಿಯಂ ಜಾಸ್ತಿ ಇರುವ ಕಪ್ಪು ಶಿಲೆ ಭೂಮಿಯೊಳಗಿನ ಶಾಖ, ಒತ್ತಡ, ನೀರಿಗೆ ಸಿಕ್ಕಿ ಹೀಗೆ ಮೆತ್ತಗಾಗುತ್ತೆ. ಊರಾಚೆ ಒಬ್ಬರು ಮೂರ್ತಿ ಕೆತ್ತುತ್ತಿದ್ದರು. ಕಾಲಬಳಿ ಬಿದ್ದಿದ್ದ ಚಕ್ಕೆಯೊಂದನ್ನು ಕೇಳಿ ಎತ್ತಿಕೊಂಡೆ. ಸುಮ್ನೆ ಉಗುರಲ್ಲಿ ಗೀರಿದೆ, ಗೆರೆ ಬಿತ್ತು. ಬೆರಳಿಗೆ ಅಂಟಿದ ಪುಡಿ ಮುಖದ ಪೌಡರಿನಷ್ಟೇ ನುಣುಪು.

"ಬರೆದು ನೋಡಿ," ಅಂದರು ಅವರು. ಪಕ್ಕದ ಚಪ್ಪಡಿ ಮೇಲೆ 'ಅ' ಬರೆದೆ.