ಮದುವೆ ಫೋಟೋ ಡಿವಿಡಿಗೆ ಹಾಕುವಾಗ ಕ್ಲಾರಿಟಿ ಎಲ್ಲಿ ಹೋಗುತ್ತೆ

ಕೊಡಗಿನ ಗೋಣಿಕೊಪ್ಪದಲ್ಲಿ ಸ್ಟುಡಿಯೋ ಒಂದರಲ್ಲಿ ಎಡಿಟಿಂಗ್ ಕೆಲಸ ನನ್ನದು. ಈ ಕಾಲದಲ್ಲಿ ಡಿವಿಡಿ ಯಾರ್ರೀ ಮಾಡಿಸ್ತಾರೆ ಅಂತ ಬೆಂಗಳೂರಲ್ಲಿರೋ ಫ್ರೆಂಡ್ಸ್ ಕೇಳ್ತಾರೆ, ಇಲ್ಲಿ ಮಾಡಿಸ್ತಾರೆ. ಎಷ್ಟೋ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಇವತ್ತಿಗೂ ಅಷ್ಟಕ್ಕಷ್ಟೇ, ಮಳೆ ಹಿಡೀತು ಅಂದ್ರೆ ಡಿಶ್ ಸಿಗ್ನಲ್ಲೂ ಹೋಗುತ್ತೆ, ಮನೇಲಿರೋ ಅಜ್ಜ ಅಜ್ಜಿಗೆ ರಿಮೋಟಲ್ಲಿ ಪ್ಲೇ ಒತ್ತಿದ ತಕ್ಷಣ ಮೊಮ್ಮಗಳ ಮದುವೆ ಟಿವಿಲಿ ಬರಬೇಕು, ಅಷ್ಟೇ ಬೇಕಾಗಿರೋದು. ಆಲ್ಬಂ ಜೊತೆ ಫೋಟೋಗಳ ಸ್ಲೈಡ್‌ಶೋ ಡಿವಿಡಿ ಒಂದು ಕೊಡಿ ಅಂತ ಕೇಳೋರು ಈಗಲೂ ಇದ್ದಾರೆ. ಆಮೇಲೆ ಬರೋ ಕಂಪ್ಲೇಂಟೂ ಒಂದೇ, "ಅಲ್ಲ ಮಾರಾಯ, ಫೋನಲ್ಲಿ ನೋಡಿದ್ರೆ ಒಂದೊಂದು ಕೂದಲು ಕಾಣುತ್ತೆ, ಟಿವಿಲಿ ಹಾಕಿದ್ರೆ ಯಾಕೆ ಹಿಂಗೆ ಮಸುಕು ಮಸುಕು?"

ಡಿಸ್ಕ್ ಸರಿ ಇಲ್ಲ, ರೈಟರ್ ಹಳೇದಾಯ್ತು, ಹೀಗೆ ಕಾರಣ ಹೇಳೋದು ಸುಲಭ. ಆದ್ರೆ ಬರ್ನ್ ಮಾಡುವಾಗ ಕ್ಲಾರಿಟಿ ಹೋಗಲ್ಲ. ಅದಕ್ಕೂ ಮುಂಚೆ, ಫೋಟೋನ ಚಿಕ್ಕದು ಮಾಡೋ ಹೊತ್ತಲ್ಲೇ ಹೋಗಿರುತ್ತೆ.

ಡಿವಿಡಿ ವಿಡಿಯೋ ಬಂದಿದ್ದು 1996ರಲ್ಲಿ, ಆಗಿದ್ದ ಪಿಕ್ಚರ್ ಟ್ಯೂಬ್ ಟಿವಿಗಳನ್ನ ನೋಡಿಕೊಂಡು ಮಾಡಿದ್ದು. ನಮ್ಮ ದೇಶದ ಟಿವಿಗೆ ಬಳಸೋ ಪಾಲ್ ಸಿಸ್ಟಮ್ಮಲ್ಲಿ ಒಂದು ಫ್ರೇಮ್ ಅಂದ್ರೆ 720 ಇಂಟು 576, ಗುಣಿಸಿದ್ರೆ 4,14,720 ಪಿಕ್ಸೆಲ್. ಈಗಿನ ಕ್ಯಾಮೆರಾದಲ್ಲಿ ತೆಗೆದ 24 ಮೆಗಾಪಿಕ್ಸೆಲ್ ಫೋಟೋ 6000 ಇಂಟು 4000, ಅಂದ್ರೆ 2 ಕೋಟಿ 40 ಲಕ್ಷ. ಸುಮಾರು 58 ಪಿಕ್ಸೆಲ್ ಸೇರಿ ಒಂದಾಗಬೇಕು. ಇದು ಡಿವಿಡಿಯ ಮಿತಿ, ಯಾವ ಸಾಫ್ಟ್‌ವೇರ್ ತಂದ್ರೂ ಇದನ್ನ ದಾಟೋಕಾಗಲ್ಲ. ಆದ್ರೆ ಆ 58ನ್ನ ಒಂದು ಮಾಡೋದು ಹೇಗೆ, ಯಾರು ಅನ್ನೋದು ನಮ್ಮ ಕೈಯಲ್ಲಿದೆ, ಒಂದು ಡಿವಿಡಿ ಚೆನ್ನಾಗಿ ಕಾಣೋದು ಇನ್ನೊಂದು ಕಾಣದೇ ಇರೋದು ಅಲ್ಲೇ ತೀರ್ಮಾನ ಆಗೋದು.

ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ ಕಾರ್ಡಲ್ಲಿರೋ ದೊಡ್ಡ ಫೈಲುಗಳನ್ನೇ ಎಳೆದು ಸ್ಲೈಡ್‌ಶೋ ಸಾಫ್ಟ್‌ವೇರಿಗೆ ಹಾಕ್ತಾರೆ, ಚಿಕ್ಕದು ಮಾಡೋ ಕೆಲಸ ಅದಕ್ಕೇ ಬಿಡ್ತಾರೆ. ಕೆಲವು ಸಾಫ್ಟ್‌ವೇರ್ ಚೆನ್ನಾಗೇ ಮಾಡುತ್ತೆ, ಇನ್ನು ಕೆಲವು ಬೇಗ ಮುಗಿಸೋಕೆ ಮಧ್ಯದ ಪಿಕ್ಸೆಲ್‌ಗಳನ್ನ ಬಿಟ್ಟು ಹಾರಿಸಿಕೊಂಡು ಹೋಗುತ್ತೆ, ಆಗ ಹೆಂಚಿನ ಮಾಡಿನ ಅಂಚು ಗರಗಸದ ಥರ ಆಗುತ್ತೆ, ಸೀರೆ ಜರಿ ಚುಕ್ಕಿ ಚುಕ್ಕಿಯಾಗಿ ಮಿಣುಕುತ್ತೆ. ಅದಕ್ಕೆ ನಾನು ಮೊದಲೇ ಫೋಟೋಶಾಪಲ್ಲೋ ಇರ್ಫಾನ್‌ವ್ಯೂನಲ್ಲೋ ಬ್ಯಾಚ್ ಹಾಕಿ ಎಲ್ಲಾ ಫೋಟೋನೂ ಚಿಕ್ಕದು ಮಾಡಿಟ್ಟುಕೊಳ್ತೀನಿ, ಚಿಕ್ಕದು ಮಾಡೋ ವಿಧಾನದಲ್ಲಿ ಬೈಕ್ಯೂಬಿಕ್ ಅಥವಾ ಲ್ಯಾಂಕ್ಜೋಸ್ ಸೆಲೆಕ್ಟ್ ಮಾಡಿ, ಒಂದೇ ಸಲಕ್ಕೆ. ಇವತ್ತು ಅರ್ಧ, ನಾಳೆ ಇನ್ನೂ ಅರ್ಧ ಅಂತ ಹಂತಹಂತವಾಗಿ ಸೇವ್ ಮಾಡಿದ್ರೆ ಪ್ರತಿ ಸಲ ಜೆಪೆಗ್ ಒಂದಿಷ್ಟು ತಿನ್ನುತ್ತೆ. ಶಾರ್ಪನಿಂಗ್ ಚಿಕ್ಕದು ಮಾಡಿದ ಮೇಲೆ, ಅದೂ ಸ್ವಲ್ಪವೇ. ದೊಡ್ಡ ಫೈಲಿಗೆ ಮೊದಲೇ ಶಾರ್ಪ್ ಹೊಡೆದ್ರೆ ಅದು ಕೆಳಗೆ ಬರೋ ಹೊತ್ತಿಗೆ ಕಳೆದೇಹೋಗಿರುತ್ತೆ, ಮೇಲಾಗಿ ಮನೆ ಟಿವಿಯಲ್ಲಿ ಶಾರ್ಪ್‌ನೆಸ್ ಜಾಸ್ತಿ ಇಟ್ಟಿರೋರೇ ಹೆಚ್ಚು, ನಾವೂ ಸೇರಿಸಿದ್ರೆ ಮುಖದ ಸುತ್ತ ಬಿಳಿ ಗೆರೆ ಬರುತ್ತೆ.

ಸೈಜ್ ವಿಚಾರಕ್ಕೆ ಬಂದ್ರೆ, ಅಗಲ ಟಿವಿಗೆ ಅಂದ್ರೆ 16:9ಕ್ಕೆ ಮಾಡುವಾಗ ಫೋಟೋನ 1024 ಇಂಟು 576ಕ್ಕೆ ರೆಡಿ ಮಾಡಬೇಕು, 720 ಇಂಟು 576ಕ್ಕಲ್ಲ. ಡಿಸ್ಕಲ್ಲಿ ಪಿಕ್ಚರ್ ಒತ್ತಿಕೊಂಡು ಕೂತಿರುತ್ತೆ, ಪ್ಲೇಯರ್ ಹೇಳಿದ ಹಾಗೆ ಟಿವಿ ಅದನ್ನ ಅಗಲಕ್ಕೆ ಎಳೆದು ತೋರಿಸುತ್ತೆ, ಈ ಲೆಕ್ಕ ತಪ್ಪಿದ್ರೆ ಮದುಮಗಳ ಮುಖ ಗುಂಡಗೆ ಊದಿಕೊಂಡು ಬರುತ್ತೆ. ಝೂಮ್ ಅಥವಾ ಪ್ಯಾನ್ ಮಾಡೋ ಫೋಟೋ ಆದ್ರೆ ಅದರ ಡಬಲ್, 2048 ಇಂಟು 1152 ಇಟ್ಕೊಂಡ್ರೆ ಸಾಕು. ಪ್ರಾಜೆಕ್ಟ್ ಶುರು ಮಾಡುವಾಗಲೇ ಪಾಲ್ ಇದೆಯಾ ನೋಡಿಕೊಳ್ಳಿ, ಎಷ್ಟೋ ಸಾಫ್ಟ್‌ವೇರಲ್ಲಿ ಡಿಫಾಲ್ಟ್ ಆಗಿ ಅಮೆರಿಕಾದ ಟಿವಿ ಸಿಸ್ಟಮ್ ಎನ್‌ಟಿಎಸ್‌ಸಿ ಇರುತ್ತೆ, ಅದರಲ್ಲಿ 480 ಗೆರೆ ಮಾತ್ರ, ಸುಮ್ಮನೆ 96 ಗೆರೆ ಕಳ್ಕೊಂಡ ಹಾಗೆ. ಅಮೆರಿಕಾದಲ್ಲಿರೋ ನೆಂಟರಿಗೆ ಕಳಿಸೋದಾದ್ರೆ ಮಾತ್ರ ಅದನ್ನ ಬೇರೆ ಮಾಡಿ.

ಈಗ ಗ್ರೂಪ್ ಫೋಟೋ. ಕೊಡಗಿನ ಮದುವೇಲಿ ಇದು ದೊಡ್ಡ ವಿಷಯ. ಐನ್‌ಮನೆ (ಕುಟುಂಬದ ಮೂಲ ಮನೆ) ಮುಂದೆ ಇಡೀ ಕುಟುಂಬ ನಿಂತಿರುತ್ತೆ, ಮೆಟ್ಟಿಲ ಮೇಲೆ, ಅಂಗಳದಲ್ಲಿ, ಕೂತವರು, ನಿಂತವರು, ಒಂದು ಸಾಲಲ್ಲಿ 20 ಜನ ಅಂತ ಇಟ್ಕೊಳ್ಳಿ. ಡಿಸ್ಕಿನ ಅಗಲ 720, ಭಾಗಿಸಿದ್ರೆ ಒಬ್ಬರಿಗೆ ಸಿಗೋದು 36 ಪಿಕ್ಸೆಲ್, ಭುಜ, ಗ್ಯಾಪ್ ಎಲ್ಲಾ ಕಳೆದು ಮುಖಕ್ಕೆ ಉಳಿಯೋದು ಅದರ ಅರ್ಧವೂ ಇಲ್ಲ. ಅಷ್ಟರಲ್ಲಿ ಕಣ್ಣು ಯಾವುದು ಮೂಗು ಯಾವುದು? ನೋಡೋರಿಗೆ ಇದೇ ಫೋಟೋ ಮುಖ್ಯ, ಯಾಕಂದ್ರೆ ಅದರಲ್ಲಿ ಈಗ ಇಲ್ಲದೇ ಇರೋ ಹಿರಿಯರೂ ಇರ್ತಾರೆ. ಅದಕ್ಕೆ ಗ್ರೂಪ್ ಫೋಟೋ ಒಂದನ್ನ ನಾನು ಒಂದೇ ಸ್ಲೈಡ್ ಮಾಡಲ್ಲ. ಮೊದಲು ಪೂರ್ತಿ ತೋರಿಸ್ತೀನಿ, ಆಮೇಲೆ ಒರಿಜಿನಲ್ ಫೈಲಿಂದಲೇ ಎಡ, ಮಧ್ಯ, ಬಲ ಅಂತ ಮೂರು ಕ್ರಾಪ್ ತೆಗೆದು ಒಂದರ ಹಿಂದೆ ಒಂದು ಹಾಕ್ತೀನಿ, ಒಂದೊಂದೂ 7, 8 ಸೆಕೆಂಡ್ ನಿಲ್ಲಬೇಕು. ಅದೇ 36 ಪಿಕ್ಸೆಲ್ ಇದ್ದವರಿಗೆ ಆಗ 100ರ ಮೇಲೆ ಸಿಗುತ್ತೆ. ಅಜ್ಜಿಯೊಬ್ರು ಟಿವಿ ಹತ್ರ ಎದ್ದು ಹೋಗಿ "ಇದು ನಮ್ಮ ದೊಡ್ಡಣ್ಣ ಅಲ್ವಾ" ಅಂತ ಬೆರಳಿಟ್ಟು ತೋರಿಸಿದ್ರಂತೆ, ಅವರ ಮಗ ಅಂಗಡಿಗೆ ಬಂದು ಹೇಳಿದ್ರು. ಈ ಒಂದು ಕೆಲಸಕ್ಕೆ ಹಿಡಿಯೋ ಹೆಚ್ಚುವರಿ ಟೈಮನ್ನ ನಾನು ಯಾವತ್ತೂ ಲೆಕ್ಕ ಹಾಕಲ್ಲ.

ಬಣ್ಣದ್ದು ಇನ್ನೊಂದು ಗೋಳು. ಮದುಮಗಳದ್ದು ಕೆಂಪು ರೇಷ್ಮೆ ಸೀರೆ, ಮದುಮಗ ಬಿಳಿ ಕುಪ್ಯ (ಕೊಡವರ ಉದ್ದ ಕೋಟು), ಸೊಂಟಕ್ಕೆ ಕಟ್ಟೋ ಕೆಂಪು ಚೇಲೆ, ಸುತ್ತ ನಿಂತ ನೆಂಟರದ್ದು ಕರಿ ಕುಪ್ಯ. ಡಿವಿಡಿ ವಿಡಿಯೋನ ಒತ್ತಿ ಚಿಕ್ಕದು ಮಾಡೋ ಎಂಪೆಗ್-2ರಲ್ಲಿ ಬೆಳಕಿನ ವಿವರ ಪೂರ್ತಿ 720 ಇಂಟು 576 ಇದ್ರೂ ಬಣ್ಣದ ವಿವರ ಅಡ್ಡಕ್ಕೂ ಅರ್ಧ ಉದ್ದಕ್ಕೂ ಅರ್ಧ, 360 ಇಂಟು 288 ಮಾತ್ರ. ಕೆಂಪು ಗಾಢವಾಗಿದ್ದಾಗ ಅದು ಪಕ್ಕದ ಬಿಳಿಗೆ ಹರಿದ ಹಾಗೆ ಕಾಣುತ್ತೆ, ಕುಪ್ಯದ ಮೇಲೆ ಚೇಲೆ ಇರೋ ಜಾಗದಲ್ಲಿ ಸರಿಯಾಗಿ ಗೊತ್ತಾಗುತ್ತೆ. ಕೆಂಪಿನ ಸ್ಯಾಚುರೇಶನ್ ಮಾತ್ರ ಸ್ವಲ್ಪ ಇಳಿಸಿ, 10 ಪರ್ಸೆಂಟ್ ಆಸುಪಾಸು, ಅಂಚು ಸುಮಾರಾಗಿ ಹಿಡಿತಕ್ಕೆ ಬರುತ್ತೆ. ಮನೇಲಿ ಪ್ಲೇಯರ್‌ನ ಹಳದಿ ಪಿನ್ ವೈರಲ್ಲಿ ಕನೆಕ್ಟ್ ಮಾಡಿದ್ರೆ ಇದು ಇನ್ನೂ ಜಾಸ್ತಿ, ಆ ಒಂದೇ ವೈರಲ್ಲಿ ಬೆಳಕು, ಬಣ್ಣ ಎರಡೂ ಕಲೆತು ಹೋಗುತ್ತೆ. ಎಚ್‌ಡಿಎಂಐ ಇದ್ರೆ ಅದನ್ನೇ ಹಾಕಿ ಅಂತ ಡಿವಿಡಿ ಕೊಡುವಾಗಲೇ ಹೇಳಿ ಕಳಿಸ್ತೀನಿ.

ಕರಿ ಕುಪ್ಯದ ಕಥೆ ಬೇರೆ. ಬೆಳಕಿನ ಅಳತೆಯಲ್ಲಿ ಡಿವಿಡಿಯ ಕಪ್ಪು 16ಕ್ಕೆ ಶುರು, ಬಿಳಿ 235ಕ್ಕೆ ಮುಗೀತು, ಫೋಟೋದಲ್ಲಿ 0ಯಿಂದ 255. ಸಾಫ್ಟ್‌ವೇರ್ ಇದನ್ನ ಸರಿಯಾಗಿ ಬದಲಾಯಿಸದಿದ್ರೆ ಕುಪ್ಯದ ಮಡಿಕೆಗಳೆಲ್ಲಾ ಒಂದೇ ಕರಿ ಮುದ್ದೆ, ಎರಡು ಸಲ ಬದಲಾಯಿಸಿದ್ರೆ ಇಡೀ ಪಿಕ್ಚರ್ ಬೂದಿ ಬಣ್ಣ. ಫೋಟೋಗ್ರಾಫರ್ ಅಡೋಬಿ ಆರ್‌ಜಿಬಿ ಅನ್ನೋ ಬಣ್ಣದ ಪ್ರೊಫೈಲಲ್ಲಿ ಕೊಟ್ಟಿದ್ರೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿಕೊಳ್ಳಿ, ಇಲ್ಲದಿದ್ರೆ ಬಣ್ಣ ಸಪ್ಪೆ.

ಟಿವಿಯಲ್ಲಿ ಗೆರೆಗಳು ಅದುರೋದು ನೋಡಿರ್ತೀರಿ. ಹೆಂಚಿನ ಸಾಲು, ಮೆಟ್ಟಿಲು, ಜರಿ ಬಾರ್ಡರ್, ಹೀಗೆ ಅಡ್ಡಕ್ಕೆ ಸಣ್ಣ ಗೆರೆ ಇದ್ರೆ ಹಳೇ ಟಿವಿಯಲ್ಲಿ ಅದು ಒಂದು ಫೀಲ್ಡಲ್ಲಿದ್ದು (ಒಂದು ಫ್ರೇಮಿನ ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಫೀಲ್ಡಾಗಿ ಬರುತ್ತೆ) ಇನ್ನೊಂದರಲ್ಲಿ ಇಲ್ಲದೇ ಮಿಣಮಿಣ ಅನ್ನುತ್ತೆ. ಆ್ಯಂಟಿ ಫ್ಲಿಕರ್ ಆಪ್ಷನ್ ಇದ್ರೆ ಆನ್ ಮಾಡಿ, ಇಲ್ಲ ಅಂದ್ರೆ ಅಂಥ ಫೋಟೋಗೆ ಮಾತ್ರ ಮೇಲೆ ಕೆಳಗಿನ ದಿಕ್ಕಲ್ಲಿ ಅರ್ಧ ಪಿಕ್ಸೆಲ್ಲಿನಷ್ಟು ಬ್ಲರ್ ಕೊಡಿ. ಶಾರ್ಪ್ ಮಾಡಿ ಬ್ಲರ್ ಯಾಕೆ ಅಂತ ಅನ್ನಿಸಬಹುದು, ಟಿವಿಲಿ ನೋಡಿ ಗೊತ್ತಾಗುತ್ತೆ. ಎಲ್ಲಾ ಫೋಟೋಗೂ ಝೂಮ್ ಹಾಕೋ ಚಾಳಿಯಂತೂ ಬಿಡಲೇಬೇಕು, ಅದುರೋದು ಜಾಸ್ತಿ ಆಗೋದೇ ಅದರಿಂದ.

ಬಿಟ್‌ರೇಟ್ ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಕೊಡ್ತೀವಿ ಅನ್ನೋ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಾಗೋದು. 300 ಫೋಟೋ, ಒಂದಕ್ಕೆ 6 ಸೆಕೆಂಡ್ ಅಂದ್ರೆ 30 ನಿಮಿಷ. ಸೆಕೆಂಡಿಗೆ 8 ಮೆಗಾಬಿಟ್ ಇಟ್ರೂ ವಿಡಿಯೋ 1.8 ಜಿಬಿ, ಡಿಸ್ಕ್ ಇರೋದು 4.7 ಜಿಬಿ. ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಬಿಟ್ಟು, ಎರಡು ಗಂಟೆ ಹಿಡಿಸೋ ಪ್ರಿಸೆಟ್ಟಲ್ಲಿ ರೆಂಡರ್ ಮಾಡಿ ಕೊಟ್ಟಿರೋ ಡಿಸ್ಕುಗಳು ರಿಪೇರಿಗೆ ಅಂತ ನನ್ನ ಹತ್ರ ಬರ್ತಾ ಇರ್ತವೆ. ಕಡಿಮೆ ಬಿಟ್‌ರೇಟಲ್ಲಿ ಏನಾಗುತ್ತೆ ಅಂದ್ರೆ, ಪಾಲ್ ಡಿವಿಡಿಯಲ್ಲಿ ಹೆಚ್ಚೆಂದ್ರೆ 15 ಫ್ರೇಮಿಗೊಮ್ಮೆ, ಅಂದ್ರೆ 0.6 ಸೆಕೆಂಡಿಗೊಮ್ಮೆ ಪಿಕ್ಚರ್ ಹೊಸದಾಗಿ ಶುರುವಾಗುತ್ತೆ, ಆಗ ಹಿಂದೆ ಇರೋ ಕಾಫಿ ಗಿಡದ ಎಲೆ, ಗೋಡೆ ಮೇಲಿನ ಪಾಚಿ ಎಲ್ಲಾ ಉಸಿರಾಡಿದ ಹಾಗೆ ಒಮ್ಮೆ ಮಸುಕು ಒಮ್ಮೆ ಸ್ಪಷ್ಟ ಆಗ್ತಾ ಇರುತ್ತೆ, ಒಂದು ಫೋಟೋ ಕರಗಿ ಇನ್ನೊಂದು ಬರುವಾಗ ಚೌಕ ಚೌಕ ಒಡೆಯುತ್ತೆ. ಸುಮ್ಮನೆ ನಿಂತ ಫೋಟೋ ಅಲ್ವಾ ಕಡಿಮೆ ಸಾಕು ಅನ್ನೋ ವಾದ ನಾನು ಒಪ್ಪಲ್ಲ. ಮಿತಿ 9.8 ಮೆಗಾಬಿಟ್ ಇದ್ರೂ ಅಲ್ಲಿಗೆ ಹೋಗಬೇಡಿ, ಹಳೇ ಪ್ಲೇಯರ್‌ಗಳು ಬರ್ನ್ ಮಾಡಿದ ಡಿಸ್ಕಲ್ಲಿ ತಡವರಿಸ್ತವೆ, 8 ಸರಿ.

ಬರೆಯೋ ಅಕ್ಷರ, ಹೆಸರು, ತಾರೀಖು ಅಂಚಿಂದ 10 ಪರ್ಸೆಂಟ್ ಒಳಗಿರಲಿ, ಟಿವಿ ಅಂಚು ನುಂಗುತ್ತೆ. ಬರ್ನ್ ಮಾಡುವಾಗ ವೆರಿಫೈ ತಪ್ಪಿಸಬೇಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಇಲ್ಲಿ ಹೇಳೋಕಾಗಲ್ಲ, ಯುಪಿಎಸ್ ಇಲ್ಲದೆ ಬರ್ನ್ ಹಾಕಲೇಬೇಡಿ. ಕೊಡೋ ಮುಂಚೆ ಮಾನಿಟರಲ್ಲಿ ಅಲ್ಲ, ಪ್ಲೇಯರಿಗೆ ಹಾಕಿ ಟಿವಿಯಲ್ಲಿ ಒಂದು ಸಲ ನೋಡಿ, ಅಂಗಡಿಯಲ್ಲಿ ಒಂದು ಹಳೇ ಟಿವಿ ನಾನು ಇದಕ್ಕೇ ಇಟ್ಕೊಂಡಿದ್ದೀನಿ.

ಇನ್ನು ಖಾಲಿ ಉಳಿಯೋ ಆ ಜಾಗದಲ್ಲಿ ಒರಿಜಿನಲ್ ಜೆಪೆಗ್‌ಗಳನ್ನ ಹಿಡಿಸಿದಷ್ಟು ಬೇರೆ ಫೋಲ್ಡರ್ ಮಾಡಿ ಹಾಕ್ತೀನಿ, ವಿಡಿಯೋ ಫೋಲ್ಡರಿಗೆ ಅದರಿಂದ ಏನೂ ತೊಂದ್ರೆ ಇಲ್ಲ, ಪ್ಲೇಯರ್ ಸ್ಲೈಡ್‌ಶೋ ತೋರಿಸುತ್ತೆ, ಕಂಪ್ಯೂಟರಿಗೆ ಹಾಕಿದ್ರೆ ಫೋಟೋ ಸಿಗುತ್ತೆ. ವಾಟ್ಸಾಪಲ್ಲಿ ಫೋಟೋ ಕಳಿಸಿ ಇದನ್ನೂ ಸೇರಿಸಿ ಅನ್ನೋರಿಗೆ ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತೀನಿ, ಸುಮ್ಮನೆ ಫೋಟೋ ಥರ ಕಳಿಸಿದ್ರೆ ಪಿಕ್ಸೆಲ್ ಡಿವಿಡಿಗೆ ಸಾಕಾಗಿದ್ರೂ ವಾಟ್ಸಾಪ್ ಒತ್ತಿದ ಗುರುತು ಮುಖದ ಮೇಲೆ ಉಳಿದಿರುತ್ತೆ, ಅದರ ಮೇಲೆ ಎಂಪೆಗ್-2 ಇನ್ನೊಂದು ಸಲ ಒತ್ತುತ್ತೆ.