ತಂಗಿಯ ಮಗುವಿಗೆ ಹಳೆ ಕಾವ್ಯದ ಹೆಸರು: ಐದನೇ ವಾರ

ತಂಗಿಗೆ ಈಗ ಏಳು ತಿಂಗಳು. "ಅಕ್ಕ, ಹೆಸರು ನಮ್ಮ ಹಳೆ ಕಾವ್ಯದಿಂದಲೇ ಬರಲಿ, ಹುಡುಕಿಕೊಡು" ಅಂದು ಐದು ವಾರವಾಯ್ತು. ಹೋದ ವಾರ ನೋಟ್‌ಬುಕ್ಕಿನಲ್ಲಿ 41 ಹೆಸರು ಇದ್ದವು. ಇವತ್ತು 34. ಏಳು ಹೊಡೆದುಹಾಕಿದ್ದೇನೆ.

ಮೊದಮೊದಲು ಅರ್ಥ ಚೆನ್ನಾಗಿದ್ದರೆ ಸಾಕು ಅಂತ ಬರೆದುಕೊಳ್ಳುತ್ತಿದ್ದೆ. ಹಾಗೆ ಮೊದಲ ಪುಟದಲ್ಲೇ ಕೂತಿದ್ದು ಅಮೃತಮತಿ. ಎಷ್ಟು ಸಿಹಿ ಹೆಸರು! ಆಮೇಲೆ ಜನ್ನನ ಯಶೋಧರ ಚರಿತೆ (1209) ಓದಿದೆ. ರಾತ್ರಿ ಕೇಳಿಬಂದ ಹಾಡಿಗೆ ಸೋತು ಮಾವುತನಿಗೆ ಒಲಿದ ರಾಣಿ ಅವಳು. ಕೊನೆಗೆ ಗಂಡ ಯಶೋಧರನಿಗೂ ಅತ್ತೆ ಚಂದ್ರಮತಿಗೂ ವಿಷ ಹಾಕುತ್ತಾಳೆ. ಆ ಪಾತ್ರವನ್ನು ಮರೆಯೋಕೆ ಆಗುವುದಿಲ್ಲ. ಆದರೂ ತೊಟ್ಟಿಲ ಮಗುವಿನ ಕಿವಿಯಲ್ಲಿ ಆ ಹೆಸರು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವತ್ತಿನಿಂದ ಕಥೆ ಪೂರ್ತಿ ಓದದೆ ಒಂದು ಹೆಸರನ್ನೂ ಬರೆದುಕೊಂಡಿಲ್ಲ.

ಇನ್ನೊಂದು ಹೆಸರು ಸಿಕ್ಕಿದ್ದೂ ಅದೇ ಕಾವ್ಯದಲ್ಲಿ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ಯಶೋಧರ, ಚಂದ್ರಮತಿ ಇಬ್ಬರೂ ಹಲವು ಜನ್ಮ ಅಲೆಯುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿ ಅನ್ನೋ ಒಡಹುಟ್ಟಿದವರಾಗಿ ಬರುತ್ತಾರೆ. ಚಂಡಮಾರಿಗೆ ಬಲಿ ಕೊಡಲು ಹಿಡಿದು ತಂದಾಗಲೂ ಆ ಮಕ್ಕಳು ಹೆದರುವುದಿಲ್ಲ. ಅವರ ಕಥೆ ಕೇಳಿ ರಾಜ ಮಾರಿದತ್ತ ಹಿಂಸೆಯನ್ನೇ ಬಿಡುತ್ತಾನೆ. ಹುಡುಗನಾದರೆ ಅಭಯರುಚಿ, ಹುಡುಗಿಯಾದರೆ ಅಭಯಮತಿ. ಕರೆಯೋಕೆ ಸುಮ್ನೆ 'ಅಭಿ' ಸಾಕು. ತಂಗಿ ಫೋನಿನಲ್ಲೇ ಎರಡು ಸಲ ಕೂಗಿ ನೋಡಿದಳು. ಸದ್ಯಕ್ಕೆ ಇವೇ ಮುಂದಿವೆ.

ಈ ವಾರ ಜಾಸ್ತಿ ಖುಷಿ ಕೊಟ್ಟಿದ್ದು ರನ್ನ. ತನಗೆ ಆಸರೆಯಾದ ಚಾವುಂಡರಾಯನ ಮೇಲಿನ ಅಭಿಮಾನಕ್ಕೆ ಮಗನಿಗೆ ರಾಯ ಅಂತ ಹೆಸರಿಟ್ಟ. ಮಗಳಿಗೆ ಅತ್ತಿಮಬ್ಬೆ ಅಂತಲೇ ಇಟ್ಟ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಮಹಾತಾಯಿ ಆ ಅತ್ತಿಮಬ್ಬೆ. ಸಾವಿರ ವರ್ಷದ ಹಿಂದೆ ಕವಿಯೊಬ್ಬನ ಮನೆಯಲ್ಲೂ ನಮ್ಮ ಹಾಗೇ ಕೂತು ಹೆಸರು ಯೋಚಿಸಿದ್ದಾರೆ, ಅಲ್ವಾ? ಅಬ್ಬೆ ಅಂದರೆ ತಾಯಿ. ರನ್ನನ ತಾಯಿ ಅಬ್ಬಲಬ್ಬೆ, ಪಂಪನ ತಾಯಿ ಅಬ್ಬಣಬ್ಬೆ. ಈಗಿನ ಶಾಲೆಯ ಹಾಜರಿಯಲ್ಲಿ ಇಂಥ ಹೆಸರು ಕೇಳಬೇಕು ಅಂತ ನನಗೆ ತುಂಬಾ ಆಸೆ. ತಂಗಿ ಇನ್ನೂ ಒಪ್ಪಿಲ್ಲ. ನಾನು ಹೊಡೆದುಹಾಕಿಲ್ಲ.

ಅಮ್ಮನದು ಒಂದೇ ಮಾತು, ನಕ್ಷತ್ರದ ಅಕ್ಷರ ಕೂಡಿ ಬರಬೇಕು. ಅದು ಮಗು ಹುಟ್ಟಿದ ಮೇಲೇ ಗೊತ್ತಾಗೋದು. ಹಾಗಾಗಿ ಪಟ್ಟಿಯನ್ನು ಅಕ್ಷರದ ಪ್ರಕಾರ ಮತ್ತೆ ಬರೆದೆ. 'ಲ' ಪುಟದಲ್ಲಿ ಪಂಪನ ಆದಿಪುರಾಣದ ಲಲಿತಾಂಗ, ರಾಘವಾಂಕನ ಲೋಹಿತಾಶ್ವ, ನೇಮಿಚಂದ್ರನ ಲೀಲಾವತಿ ಇದ್ದಾರೆ. 'ತ', 'ವ' ಪುಟಗಳು ಖಾಲಿ.

ನಾಳೆಯಿಂದ ಲಕ್ಷ್ಮೀಶನ ಜೈಮಿನಿ ಭಾರತ. ಅಪ್ಪ ಬರೆದ ಪತ್ರದಲ್ಲಿ ವಿಷ ಕೊಡಿ ಅಂತ ಇದ್ದಿದ್ದನ್ನು ಒಂದಕ್ಷರ ತಿದ್ದಿ, ತನ್ನ ಹೆಸರನ್ನೇ ಮಾಡಿ, ಚಂದ್ರಹಾಸನ ಜೀವ ಉಳಿಸಿದ ಹುಡುಗಿ ವಿಷಯೆ. 'ವ' ಪುಟಕ್ಕೆ ಅವಳನ್ನು ಮೊದಲು ಬರೆಯುತ್ತೇನೆ.